ಬೈದಿಲ್ಲ ಸಾಮಿ, ಹಂಗಿಸ್ಬುಟ್ಟ

ಮಾನ್ಯ ಸಂಪಾದಕರೇ,

ಕಳೆದ ಶನಿವಾರ ನಿಮ್ಮ ಪತ್ರಿಕೆಯ ಒಂದೇ ಪುಟದಲ್ಲಿ ಮೂರು ‘ಲೇವಡಿ’ಗಳಿದ್ದವು. ಸಚಿವರ ಭಾಷಣವನ್ನು ಎದುರು ಪಕ್ಷದವರು ಲೇವಡಿ ಮಾಡಿದ್ದರು. ಸೋತ ಕ್ರಿಕೆಟ್ ತಂಡಕ್ಕೆ ಜಾಲತಾಣದಲ್ಲಿ ಲೇವಡಿಯಾಗಿತ್ತು. ಕೆಳಗೆ ಮೂಲೆಯಲ್ಲಿ, ನಿಂತುಹೋದ ಪಿಂಚಣಿ ಕೇಳಲು ಹೋದ ಅಜ್ಜಿಗೆ ಕಚೇರಿಯವನೊಬ್ಬ ‘ಇಷ್ಟು ವರ್ಷ ಪುಕ್ಕಟೆ ತಿಂದಿದ್ದು ಸಾಲದಾ’ ಅಂದಿದ್ದ, ಅದೂ ಲೇವಡಿಯೇ. ಮೊದಲಿನ ಎರಡು ಹಾಗೇ ಇರಲಿ. ಮೂರನೆಯದಕ್ಕೆ ನನ್ನ ತಕರಾರಿದೆ.

ನಾನು ಮಂಡ್ಯ ಜಿಲ್ಲೆಯ ಪೊಲೀಸ್ ಠಾಣೆಗಳಲ್ಲಿ 19 ವರ್ಷ ರೈಟರ್, ಅಂದರೆ ದೂರು ಬರೆದುಕೊಳ್ಳುವವನು, ಆಗಿದ್ದವನು. ಜನ ಬಂದು ಏನೇ ಹೇಳಲಿ, ನನ್ನ ಪೆನ್ನಿನಿಂದ ಇಳಿಯುತ್ತಿದ್ದದ್ದು ಒಂದೇ ವಾಕ್ಯ: ‘ಅವಾಚ್ಯ ಶಬ್ದಗಳಿಂದ ಬೈದು.’ ಅದರ ಬೆನ್ನಿಗೆ ಆಗಿನ ದಂಡ ಸಂಹಿತೆಯ (ಐಪಿಸಿ) ಕಲಂ 504. ಪೋಲಿಯೋ ಆಗಿ ಕಾಲು ಎಳೆಯುತ್ತಿದ್ದ ಹುಡುಗನೊಬ್ಬ, ಪಕ್ಕದ ಮನೆಯವನು ತನ್ನ ನಡಿಗೆಯನ್ನೇ ಅಣಕಿಸುತ್ತಾನೆ ಅಂತ ಬಂದಿದ್ದ. ಅಲ್ಲಿ ಒಂದು ಮಾತೂ ಆಡಿರಲಿಲ್ಲ. ಆದರೂ ನಾನು ಶಬ್ದಗಳನ್ನು ಬರೆದೆ! ಕೊಂಕು ಮಾತಿನ ದೂರು ಇನ್ನೂ ಕಷ್ಟ. ‘ಏನ್ ಸಾಹೇಬ್ರು, ಇಷ್ಟ್ ಬೇಗ ಎದ್ಬುಟ್ರಾ?’ ಅನ್ನೋದನ್ನ ಕಾಗದಕ್ಕೆ ಇಳಿಸಿದರೆ ಮರ್ಯಾದೆಯ ಮಾತೇ ತಾನೆ.

2009ರಲ್ಲಿ ಒಬ್ಬ ಹೆಂಗಸು ಬಂದರು, ಅರವತ್ತರ ಮೇಲಾಗಿತ್ತು. ಗಂಡ ಹಾಸಿಗೆ ಹಿಡಿದಾಗ ಆರು ತಿಂಗಳು ಮೈದುನನ ಮನೆಯಲ್ಲಿ ಉಂಡಿದ್ದರು. ಗಂಡ ತೀರಿಕೊಂಡ ಮೇಲೆ ಜಮೀನಿನ ಭಾಗ ಕೇಳಿದರು. ಅವನು ಬೀಗರೂಟದ ಪಂಕ್ತಿಯಲ್ಲಿ, ನೂರಾರು ಜನರೆದುರು, ಇವರ ಎಲೆಗೆ ಮುದ್ದೆ ಬೀಳುವಾಗ ‘ಸರಿಯಾಗಿ ಇಕ್ರಪ್ಪಾ, ಆರು ತಿಂಗ್ಳು ಉಂಡ್ರೂ ಹೊಟ್ಟೆ ತುಂಬಿಲ್ಲ’ ಅಂದ. ಇವರು ಎದ್ದರೆ ತೋಳು ಹಿಡಿದು ತಡೆದ. ತಡೆದದ್ದಕ್ಕೆ 341, ಮಾತಿಗೆ ಎಂದಿನ 504. ಬರೆದು ಓದಿ ಹೇಳಿದೆ.

‘ಬೈದಿಲ್ಲ ಸಾಮಿ, ಹಂಗಿಸ್ಬುಟ್ಟ’ ಅಂದರು.

‘ಎರಡೂ ಒಂದೇ ಕಣಮ್ಮ.’

‘ಎಂಗೆ ಒಂದಾದದು? ಬೈದಿದ್ರೆ ನಾನೂ ನಾಕು ಬೈದು ಸುಮ್ಕಾಗ್ತಿದ್ದೆ. ಉಂಡ ಅನ್ನಕ್ಕೆ ಏನಂತ ಎದುರು ಮಾತಾಡ್ಲಿ?’

ಹಂಗಿಸು ಅನ್ನುವುದರೊಳಗೆ ಹಂಗು ಕೂತಿದೆ ಅನ್ನುವುದು ನನಗೆ ಹೊಳೆದದ್ದು ಆವತ್ತೇ. ಮಾಡಿದ ಉಪಕಾರವನ್ನೇ ಎತ್ತಿ ಹೊಡೆಯುವ ಏಟು ಅದು. ಕೊಟ್ಟ ಕೈಯಿಂದ ಮಾತ್ರ ಸಾಧ್ಯ. ಹೊಳೆದರೂ ಕಾಗದ ಬದಲಿಸಲಿಲ್ಲ, ಸಾಹೇಬರು ಹೊರಗೆ ಕಾಯುತ್ತಿದ್ದರು. ಆಕೆ ಹೆಬ್ಬೆಟ್ಟು ಒತ್ತಿ ಹೋದರು. ಕೋರ್ಟಿನಲ್ಲಿ ಆರೋಪಿ ಕಡೆ ವಕೀಲರು ‘ಯಾವ ಅವಾಚ್ಯ ಶಬ್ದ, ಹೇಳಿ’ ಅಂದಾಗ ‘ಅವ್ನು ಬೈದೇ ಇಲ್ಲ’ ಅಂತ ಇದ್ದದ್ದು ಇದ್ದಂಗೆ ಹೇಳಿದರಂತೆ. ಕೇಸು ಅಲ್ಲಿಗೇ ಮುಗಿಯಿತು.

ಎದುರಿನವನು ಕೆರಳಿ ಜಗಳಕ್ಕೆ ಬೀಳಲಿ ಅಂತಲೇ ಅವಮಾನಿಸುವುದು 504ರ ತಿರುಳು. 2024ರ ಜುಲೈ 1ರಿಂದ ಅದು ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 352 ಆಗಿದೆ. ಕನ್ನಡದಲ್ಲಿ ಅದಕ್ಕೆ ಮೂದಲಿಕೆ ಎಂಬ ಮಾತು ಮೊದಲೇ ಇದೆ. ರನ್ನನ ಗದಾಯುದ್ಧದಲ್ಲಿ ಕೊಳದ ತಳ ಸೇರಿದ ದುರ್ಯೋಧನನನ್ನು ಭೀಮ ಮೇಲೆಬ್ಬಿಸಿದ್ದು ಮೂದಲಿಸಿಯೇ. ನಮ್ಮ ಠಾಣೆಯ ಸರಹದ್ದಾಗಿದ್ದರೆ ಭೀಮನ ಮೇಲೆ 504 ಗ್ಯಾರಂಟಿ. ಆ ಮೈದುನ ಅತ್ತಿಗೆಯನ್ನು ಕೆರಳಿಸಲು ಆಡಿದವನಲ್ಲ. ಅವರು ತಲೆ ತಗ್ಗಿಸಿ ಭಾಗ ಕೇಳುವುದನ್ನು ಬಿಡಲಿ ಅಂತ ಆಡಿದ. ಕಲಮೂ ತಪ್ಪು, ಪದವೂ ತಪ್ಪು. ಎರಡೂ ನನ್ನ ಕೈಬರಹದಲ್ಲೇ ಇದ್ದವು.

ಶೀರ್ಷಿಕೆಗೆ ಜಾಗ ಕಡಿಮೆ, ಗಡಿಬಿಡಿ ಜಾಸ್ತಿ ಅಂತ ನಿಮ್ಮ ಉಪಸಂಪಾದಕರು ಹೇಳಬಹುದು. ನಾನೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಆದರೆ ‘ಲೇವಡಿ’ ಮೂರಕ್ಷರ, ‘ಹಂಗಿಸು’ವೂ ಮೂರೇ. ಪಿಂಚಣಿಯ ಸುದ್ದಿಯನ್ನು ಕತ್ತರಿಸಿ ಇದರೊಂದಿಗೆ ಲಗತ್ತಿಸಿದ್ದೇನೆ. ಪೆನ್ಸಿಲಿನಲ್ಲಿ ತಿದ್ದಿದ್ದೇನೆ, ಬೇಡವಾದರೆ ಅಳಿಸಿಕೊಳ್ಳಿ.

– ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಮದ್ದೂರು ತಾಲ್ಲೂಕು