300ನೇ ರೂಮು ಮುಗಿದ ಮೇಲೆ

ಓದಿನ ಜೊತೆಗೆ ನಾವು ಕೆಲವರು ಸೇರಿ ಮಾಡುವ ರೂಮು ಕ್ಲೀನಿಂಗ್ ಕೆಲಸದಲ್ಲಿ ಕಳೆದ ಶನಿವಾರ ಸಂಜೆ 300ನೇ ರೂಮು ಮುಗಿಯಿತು. ಬಾಗಿಲ ಹತ್ತಿರದ ಕೊನೆಯ ಮೊಳ ನೆಲ ಒರೆಸಿ, ಬೀಗ ಹಾಕಿ, ಕೀಲಿಯನ್ನು ಆ ರೂಮಿನ ಹುಡುಗಿಯ ಕೈಗೇ ಕೊಟ್ಟು ಹೊರಗೆ ಬಂದೆ. ಖುಷಿಯಾಗಿತ್ತು. ಮೆಟ್ಟಿಲು ಇಳಿಯುವಾಗ ಮಾತ್ರ ಯಾಕೋ ಅಳು ಬಂತು. ಒಂದು ವರ್ಷದ ಹಿಂದೆ ಇದೆಲ್ಲ ಸಾಕು ಅಂತ ಬಕೆಟ್ಟು, ಮಾಪು ಎಲ್ಲ ಮಾರಿಬಿಡಲು ಹೊರಟಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವ್ಯಾಕ್ಯೂಮ್ ಕ್ಲೀನರನ್ನು ಕಡ ಕೊಟ್ಟು ಇವತ್ತಿಗೂ ವಾಪಸ್ ಕೇಳದ ಗೆಳೆಯನಿಗೆ, ಬುಕಿಂಗ್ ಶೀಟ್ ಮಾಡಿಕೊಟ್ಟ ಕ್ಲಾಸ್‌ಮೇಟ್‌ಗೆ, ಪರೀಕ್ಷೆ ಹತ್ತಿರ ಇದ್ದರೂ ಭಾನುವಾರಗಳನ್ನು ನಮಗೆ ಕೊಟ್ಟ ಜೂನಿಯರ್‌ಗಳಿಗೆ, ನಮ್ಮನ್ನು ನಂಬಿ ಒಳಗೆ ಬಿಟ್ಟ ವಾರ್ಡನ್‌ಗೆ, ಓದು ಬಿಟ್ಟು ಇದೇನು ಅಂತ ಒಮ್ಮೆಯೂ ಕೇಳದ ಮನೆಯವರಿಗೆ ತುಂಬಾ ಥ್ಯಾಂಕ್ಸ್. ನೀವಿಲ್ಲದಿದ್ದರೆ ಇದು ಶುರುವೇ ಆಗುತ್ತಿರಲಿಲ್ಲ. ಶುರುವಾದದ್ದು ನಿಂತುಹೋಗದೆ ಉಳಿದದ್ದು ಮಾತ್ರ ಒಬ್ಬರಿಂದ.

ನಮ್ಮ ಕಟ್ಟಡದ ಮೆಟ್ಟಿಲು, ಪ್ಯಾಸೇಜು ಗುಡಿಸಿ ಒರೆಸುವ ಅಕ್ಕ. ನಿಮ್ಮಲ್ಲಿ ಹಲವರಿಗೆ ಅವರ ಮುಖ ಗೊತ್ತು. ಹೆಸರು ಹಾಕಬೇಡ ಅಂದಿದ್ದಾರೆ. ಹಾಕುವುದಿಲ್ಲ.

ಸೆಮಿಸ್ಟರ್ ಮುಗಿದು ಎಲ್ಲರೂ ರೂಮು ಖಾಲಿ ಮಾಡುವ ಆ ಕೊನೆಯ ರಾತ್ರಿಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಪೂರ್ತಿ ಹೇಳುವುದಿಲ್ಲ. ಬೆಳಗ್ಗೆ 8ಕ್ಕೆ 7 ರೂಮುಗಳನ್ನು ಒಪ್ಪಿಸಬೇಕಿತ್ತು. ರಾತ್ರಿ 11 ಆದರೂ ಮುಗಿದದ್ದು 3. ಇಷ್ಟು ದಿನ ಯಾರಿಗೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಮಾತ್ರ ಈಗ ಹೇಳಬೇಕು. ಟಾಯ್ಲೆಟ್‌ಗೆ ಆಸಿಡ್ ಕ್ಲೀನರ್ ಹಾಕಿದ್ದು ನಾನು. ಹಾಕಿ, ಯಾರಿಗೂ ಹೇಳದೆ ಪಕ್ಕದ ರೂಮಿಗೆ ಹೋದದ್ದೂ ನಾನು. ಜೂನಿಯರ್ ಬಂದು ಅದರ ಮೇಲೆ ಬ್ಲೀಚ್ ಸುರಿದ. ಅವನದ್ದು ಏನೂ ತಪ್ಪಿರಲಿಲ್ಲ. ಬ್ಲೀಚಿಗೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ಅವನು ಕೆಮ್ಮಿದ್ದು ನನಗಿಂತ ಮೊದಲು ಅಕ್ಕನಿಗೆ ಕೇಳಿತ್ತು. ಅವರು ಆಗಷ್ಟೇ ಕೆಲಸ ಮುಗಿಸಿ ಮನೆಗೆ ಹೊರಟಿದ್ದವರು. ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಉಸಿರು ಬಿಗಿಹಿಡಿದು, ಅವನ ಅಂಗಿ ಹಿಡಿದು ಹೊರಗೆ ಎಳೆದರು. ಅವನು ಪ್ಯಾಸೇಜಿನಲ್ಲೇ ಕುಸಿದು ಕೂರಲು ಹೋದ. ಕೂರಲು ಬಿಡಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ ಬಯಲಿಗೆ ನಡೆಸಿಕೊಂಡು ಹೋದರು. ಆ ಗ್ಯಾಸು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ ಅಂತ ನಾನು ಆಮೇಲೆ ಓದಿ ತಿಳಿದುಕೊಂಡೆ. ಅಕ್ಕನಿಗೆ ಗ್ಯಾಸಿನ ಹೆಸರು ಗೊತ್ತಿರಲಿಲ್ಲ. ‘ಕೂತರೆ ಜಾಸ್ತಿ ಕುಡೀತಾನೆ’ ಅನ್ನುವುದು ಗೊತ್ತಿತ್ತು.

ಅವನನ್ನು ಡಾಕ್ಟರ ಹತ್ತಿರ ಕಳಿಸಿದ ಮೇಲೆ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೈ ನಡುಗುವುದು ನಿಲ್ಲಲೇ ಇಲ್ಲ. ಒಂದು ಜೀವ ಹೋಗಿಬಿಡುತ್ತಿತ್ತಲ್ಲ, ಯಾರದೋ ರೂಮಿನ ಕಲೆ ತೆಗೆಯುವುದಕ್ಕೆ. ‘ಎಲ್ಲ ಬಿಟ್ಟುಬಿಡ್ತೀನಿ ಅಕ್ಕ’ ಅಂದೆ. ಅವರು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಡಾಕ್ಟರು ನೋಡಿದರು, ಪರವಾಗಿಲ್ಲ ಅಂತ ಫೋನ್ ಬರುವವರೆಗೆ ಸುಮ್ನೆ ಕೂತಿದ್ದರು. ಆಮೇಲೆ, ‘ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಹೀಗೇ ಆಗಿತ್ತು. ಹೇಳಿಕೊಡೋರು ಯಾರೂ ಇರಲಿಲ್ಲ. ಏಳು, ಬಟ್ಟೆ ತಗೊಂಡು ಬಾ’ ಅಂದರು.

ಬಟ್ಟೆ ತಂದೆ. ಅದನ್ನು ಅರ್ಧಕ್ಕೆ ಮಡಚಿದರು, ಮತ್ತೆ ಅರ್ಧಕ್ಕೆ. ಅಂಗೈ ತುಂಬುವಷ್ಟಾಯಿತು. ಒಂದು ಮುಖದಲ್ಲಿ ಕಪಾಟು ಒರೆಸಿದರು. ಅದು ಕೊಳೆಯಾದ ಮೇಲೆ ತಿರುಗಿಸಿದರು. ಆಮೇಲೆ ಮಡಿಕೆ ಬಿಚ್ಚಿ ಒಳಮಗ್ಗುಲು ಹೊರಗೆ ತಂದರು. ಹೀಗೆ ಒಂದೇ ಬಟ್ಟೆಗೆ 8 ಮುಖ. ಅಷ್ಟು ದಿನ ನಾನು ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದು, ಮೇಜಿನ ಕೊಳೆಯನ್ನು ಕಿಟಕಿಗೆ, ಕಿಟಕಿಯದ್ದನ್ನು ಕಪಾಟಿಗೆ ಹಚ್ಚುತ್ತಿದ್ದೆ. ಮೊದಲು ಫ್ಯಾನಿನ ರೆಕ್ಕೆ, ಕೊನೆಗೆ ನೆಲ. ನಲ್ಲಿಯ ಬುಡದಲ್ಲಿ ಕಟ್ಟಿಕೊಂಡ ಬಿಳಿ ಕಲೆಗೆ ವಿನೆಗರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಬಿಟ್ಟು, ಅದು ನೆನೆಯುವಷ್ಟರಲ್ಲಿ ಇನ್ನೊಂದು ಕೆಲಸ. ಬ್ಲೀಚ್ ಬಾಟಲಿಯನ್ನು ಮಾತ್ರ ಅವರೇ ಎತ್ತಿ ಕೆಳಗಿನ ಮಹಡಿಯಲ್ಲಿ ಇಟ್ಟು ಬಂದಿದ್ದರು. ಹುಳಿ ಇರುವ ಯಾವುದೂ ಅದರ ಹತ್ತಿರ ಸುಳಿಯಬಾರದು, ವಿನೆಗರ್ ಕೂಡ.

ಕೊನೆಯ ರೂಮಿನ ಬಾಗಿಲು ತೆರೆದಾಗ ಬೆಳಗಿನ ಜಾವ. ಆ ಹುಡುಗ ತಲೆ ತಗ್ಗಿಸಿ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ತಿಂಗಳುಗಟ್ಟಲೆ ಒಗೆಯದ ಬಟ್ಟೆ, ಬೂಷ್ಟು ಹಿಡಿದ ಲೋಟಗಳು, ಎಂದೂ ಸರಿಸದ ಪರದೆ. ನನ್ನ ಬಾಯಿಂದ ‘ಅಯ್ಯೋ’ ಅಂತ ಹೊರಡುವುದರಲ್ಲಿತ್ತು. ಅಕ್ಕ ನನ್ನ ಮುಂಗೈ ಅದುಮಿದರು. ಅವನಿಗೆ, ‘ಇದರಲ್ಲಿ ನಿನಗೆ ಬೇಕಾದ್ದು ಯಾವುದು ತೋರಿಸಪ್ಪ, ಮಿಕ್ಕಿದ್ದು ನಾವು ನೋಡ್ಕೋತೀವಿ’ ಅಂದರು. ಅಷ್ಟೇ. ಅವನು ಒಂದು ಪುಸ್ತಕ ತೋರಿಸಿದ. ಆಮೇಲೆ ಒಂದು ಚಾರ್ಜರ್. ಸ್ವಲ್ಪ ಹೊತ್ತಿಗೆ ತಾನೇ ಒಂದು ಚೀಲ ಹಿಡಿದು ಲೋಟಗಳನ್ನು ತುಂಬತೊಡಗಿದ. ಹೊರಗೆ ಬಂದ ಮೇಲೆ ಅಕ್ಕ ಹೇಳಿದ್ದು: ‘ಮನಸ್ಸು ಸರಿ ಇಲ್ಲದಾಗಲೂ ರೂಮು ಹಿಂಗಾಗತ್ತೆ. ನೋಡಿದ್ದನ್ನ ಬಾಯಿಗೆ ತರಬಾರದು.’

ಇವತ್ತು ನಮ್ಮ ಹತ್ತಿರ ಇರುವ ನಿಯಮಗಳೆಲ್ಲ ಆ ಒಂದು ರಾತ್ರಿಯವು. ಒಂದು ಬಾತ್‌ರೂಮಿಗೆ ಒಬ್ಬರೇ. ಆಸಿಡ್ ಮತ್ತು ಬ್ಲೀಚ್ ಒಂದೇ ಬುಟ್ಟಿಯಲ್ಲಿ ಹೋಗುವುದಿಲ್ಲ. ಯಾರ ರೂಮಿನ ಫೋಟೋವನ್ನೂ ಎಲ್ಲಿಯೂ ಹಾಕುವುದಿಲ್ಲ, ಅವರೇ ಹಾಕಿ ಅಂದರೂ. ತಿಗಣೆ ಇದ್ದ ರೂಮಿಗೆ ಎರಡು ವಾರ ಬಿಟ್ಟು ಮತ್ತೆ ಹೋಗುತ್ತೇವೆ, ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆದಿರುತ್ತದೆ. ಆದರೆ ಅದು ಏನು ಅಂತ ಅಕ್ಕಪಕ್ಕದವರಿಗೆ ಕೇಳಿಸುವ ಹಾಗೆ ಮಾತಾಡುವುದಿಲ್ಲ.

ಫೋನ್ ಮಾಡುವವರು ಎಷ್ಟೋ ಜನ ‘ಸಾರಿ, ತುಂಬಾ ಗಲೀಜಾಗಿದೆ’ ಅಂತಲೇ ಮಾತು ಶುರು ಮಾಡುತ್ತಾರೆ. ಅಷ್ಟು ನಾಚಿಕೆ ಇಟ್ಟುಕೊಂಡೂ ನಮಗೆ ಬಾಗಿಲು ತೆರೆದಿರಲ್ಲ, ನಿಮ್ಮೆಲ್ಲರಿಗೂ ನಾನು ಋಣಿ.

ಹೊಸ ಸೆಮಿಸ್ಟರಿಗೆ ಇಬ್ಬರು ನಮ್ಮ ಜೊತೆ ಸೇರುತ್ತಿದ್ದಾರೆ. ಅವರ ಮೊದಲ ದಿನದ ಪಾಠ ಅಕ್ಕನದೇ. ಸಂಬಳ ತಗೊಂಡೇ ಹೇಳಿಕೊಡಬೇಕು ಅಂತ ಹಟ ಹಿಡಿದು ಒಪ್ಪಿಸಿದ್ದೇನೆ. ಆ ರಾತ್ರಿಯದ್ದಕ್ಕೆ ಮಾತ್ರ ಇವತ್ತಿಗೂ ಏನೂ ಮುಟ್ಟಿಲ್ಲ.

ಅಕ್ಕ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ಅವತ್ತು ಕೊನೆಯ ರೂಮಿಗೆ ಬೀಗ ಹಾಕಿದಾಗ 6:30. ನಾನು ಹೋಗಿ ಮಲಗಿದೆ. 7ಕ್ಕೆ ನಿಮ್ಮ ಡ್ಯೂಟಿ ಇತ್ತು. ಅದು ನನಗೆ ತಿಳಿದದ್ದು ತಿಂಗಳಾದ ಮೇಲೆ, ಬೇರೆಯವರ ಬಾಯಿಂದ. ನೀವು ಹೇಳಲೇ ಇಲ್ಲ. ಥ್ಯಾಂಕ್ಸ್ ಅಕ್ಕ.