ಹಡಗಿನ ಸರಕಿನ ಪಟ್ಟಿ ಕರಾವಳಿ ಜಿಲ್ಲೆಗಳ ಕೈಗೂ ಸಿಗಲಿ

ಮಾನ್ಯ ಸಂಪಾದಕರೇ,

2025ರ ಮೇ 25ರಂದು ಕೊಚ್ಚಿ ಸಮೀಪದ ಕಡಲಿನಲ್ಲಿ ಮುಳುಗಿದ ಎಂಎಸ್‌ಸಿ ಎಲ್ಸಾ-3 ಹಡಗಿನ ಕುರಿತ ಮಾತೆಲ್ಲ ಬಹುಮಟ್ಟಿಗೆ ಪರಿಹಾರದ ಮೊತ್ತದ ಸುತ್ತಲೇ ನಡೆದಿದೆ. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟ್ ಮೆಟ್ಟಿಲೇರಿದ್ದು ಸರಿಯೇ. ಆದರೆ ಕರಾವಳಿಯವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ತೀರದುದ್ದಕ್ಕೂ ಹಾದುಹೋಗುವ ಹಡಗುಗಳಲ್ಲಿ ಏನು ತುಂಬಿದೆ ಎಂಬುದು ತೀರದಲ್ಲಿರುವ ಯಾರಿಗೆ ಗೊತ್ತಿರುತ್ತದೆ?

ಎಲ್ಸಾದಲ್ಲಿದ್ದ 640 ಕಂಟೇನರ್‌ಗಳ ಪೈಕಿ ಅಪಾಯಕಾರಿ ಎಂದು ಗುರುತಿಸಿದ್ದು 13 ಮಾತ್ರ. ಅವುಗಳಲ್ಲಿ 12ರಲ್ಲಿ ಇದ್ದದ್ದು ಕ್ಯಾಲ್ಸಿಯಂ ಕಾರ್ಬೈಡ್, ಅಂದರೆ ನಮ್ಮಲ್ಲಿ ಕದ್ದುಮುಚ್ಚಿ ಮಾವು, ಬಾಳೆ ಹಣ್ಣಾಗಿಸಲು ಬಳಸುವ ಅದೇ ಕಾರ್ಬೈಡ್. ನೀರು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಲ್ಲ ಅಸಿಟಿಲೀನ್ ಅನಿಲ ಬಿಡುವಂಥದ್ದು. ಆದರೆ ತಿರುವನಂತಪುರದ ಕಡಲತೀರಗಳಲ್ಲಿ ಸ್ವಯಂಸೇವಕರು ಮರಳು ಸೋಸಿ ಹೆಕ್ಕಬೇಕಾಗಿ ಬಂದದ್ದು ಈ 13ರ ಲೆಕ್ಕಕ್ಕೇ ಬಾರದ ಸರಕನ್ನು, ಪ್ಲಾಸ್ಟಿಕ್ ಸಾಮಾನು ತಯಾರಿಸಲು ಕಚ್ಚಾವಸ್ತುವಾದ, ಸಾಬಕ್ಕಿಯಷ್ಟು ಸಣ್ಣ ಪ್ಲಾಸ್ಟಿಕ್ ಹರಳುಗಳನ್ನು. 2021ರಲ್ಲಿ ಕೊಲಂಬೊ ಬಳಿ ಎಕ್ಸ್-ಪ್ರೆಸ್ ಪರ್ಲ್ ಹಡಗು ಹೊತ್ತಿ ಉರಿದಾಗ ಶ್ರೀಲಂಕಾದ ತೀರವನ್ನು ತುಂಬಿದ್ದೂ ಇವೇ. ಅಷ್ಟಾದರೂ ಇವುಗಳ ಸಾಗಣೆಯ ಬಗ್ಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2024ರಲ್ಲಿ ಹೊರಡಿಸಿದ್ದು ಸಲಹೆಗಳನ್ನೇ ಹೊರತು ಕಡ್ಡಾಯ ನಿಯಮವನ್ನಲ್ಲ. ಎಲ್ಸಾದ ಸರಕಿನ ವಿವರವನ್ನು ಜನರ ಮುಂದಿಡಿ ಎಂದು ಕೊನೆಗೆ ಹೈಕೋರ್ಟೇ ಹೇಳಬೇಕಾಯಿತು. ಅಷ್ಟರೊಳಗೆ ಮೀನು ತಿನ್ನಬಹುದೇ ಬೇಡವೇ ಎಂಬ ಗುಮಾನಿಯಲ್ಲಿ ಮಾರುಕಟ್ಟೆ ಕುಸಿದಿತ್ತು, ಮೀನುಗಾರ ಕುಟುಂಬಗಳಿಗೆ ತಕ್ಷಣಕ್ಕೆ ಸಿಕ್ಕಿದ್ದು ಸಾವಿರ ರೂಪಾಯಿ ಮತ್ತು ಆರು ಕಿಲೋ ಅಕ್ಕಿ.

ಹಡಗಿನ ಕಪ್ತಾನರನ್ನು ದೂರಿ ಪ್ರಯೋಜನವಿಲ್ಲ. ಮೊಹರು ಹಾಕಿದ ಕಂಟೇನರನ್ನು ಅವರು ತೆರೆದು ನೋಡುವಂತಿಲ್ಲ. ಸರಕು ಕಳಿಸಿದವನು ಕಾಗದದಲ್ಲಿ ಬರೆದದ್ದೇ ಅವರಿಗೆ ಆಧಾರ. ಅಪಾಯಕಾರಿ ಎಂದು ಬರೆದರೆ ಬಾಡಿಗೆ ಹೆಚ್ಚು, ತಪಾಸಣೆಯೂ ಹೆಚ್ಚು ಎಂಬ ಕಾರಣಕ್ಕೆ ಇದ್ದಿಲು, ಲಿಥಿಯಂ ಬ್ಯಾಟರಿಗಳಂಥವನ್ನು ಬೇರೆ ಹೆಸರಿನಲ್ಲಿ ಸಾಗಿಸುವುದು ಈ ಉದ್ಯಮದ ಹಳೆಯ ರೋಗ. ಬೆಂಕಿ ಬಿದ್ದರೆ ಆರಿಸಬೇಕಾದವರು ಇಪ್ಪತ್ತು ಇಪ್ಪತ್ತೈದು ಮಂದಿ ಸಿಬ್ಬಂದಿ, ಅದೂ ಒಳಗೇನಿದೆ ಎಂಬ ಖಾತರಿಯಿಲ್ಲದೆ.

ಇದೆಲ್ಲ ಕೇರಳದ ತಲೆನೋವು ಎನ್ನುವಂತಿಲ್ಲ. ಎಲ್ಸಾ ಮುಳುಗಿದ ಹದಿನೈದೇ ದಿನಕ್ಕೆ, ಜೂನ್ 9ರಂದು, ಕಣ್ಣೂರಿನ ಆಚೆ ಕಡಲಿನಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದಾಗ ಪಾರಾದ 18 ನಾವಿಕರನ್ನು ಐಎನ್‌ಎಸ್ ಸೂರತ್ ಕರೆತಂದದ್ದು ಮಂಗಳೂರಿಗೆ. ಅವರ ನಾಲ್ವರು ಸಂಗಡಿಗರು ನಾಪತ್ತೆಯಾಗಿದ್ದರು. 2022ರ ಜೂನ್‌ನಲ್ಲಿ ಚೀನಾದಿಂದ ಲೆಬನಾನ್‌ಗೆ ಉಕ್ಕಿನ ಸುರುಳಿಗಳನ್ನು ಒಯ್ಯುತ್ತಿದ್ದ ಪ್ರಿನ್ಸೆಸ್ ಮಿರಾಲ್ ಮುಳುಗಿದ್ದಂತೂ ನಮ್ಮ ಉಳ್ಳಾಲದ ಎದುರಿಗೇ. ಅದರ 15 ಸಿರಿಯನ್ ನಾವಿಕರನ್ನು ಕೋಸ್ಟ್ ಗಾರ್ಡ್ ರಕ್ಷಿಸಿತು, ಆದರೆ ಇಂಧನ ತೈಲ ಯಾವಾಗ ಸೋರುತ್ತದೋ ಎಂಬ ದಿಗಿಲು ಈ ಭಾಗದ ಮೀನುಗಾರರ ಪಾಲಿಗೆ ಉಳಿಯಿತು. ಮಳೆಗಾಲದ ಎರಡು ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧದ ವೇಳೆ ಟ್ರಾಲ್ ಬೋಟುಗಳು ದಕ್ಕೆಯಲ್ಲಿರುತ್ತವೆ, ನಿಜ. ಆ ಎರಡು ತಿಂಗಳು ನಾಡದೋಣಿಯವರಿಗೆ ಮಾತ್ರ ದುಡಿಮೆಯ ಕಾಲ. ಎಲ್ಸಾ, ವಾನ್ ಹೈ, ಮಿರಾಲ್ ಈ ಮೂರೂ ಅವಘಡಗಳು ಮೇ ಕೊನೆ, ಜೂನ್‌ನಲ್ಲೇ ನಡೆದಿವೆ ಎಂಬುದನ್ನು ಗಮನಿಸಬೇಕು.

ಎಲ್ಸಾ 1997ರಲ್ಲಿ ಕಟ್ಟಿದ ಹಡಗು. ಅದರ ಧ್ವಜ ಲೈಬೀರಿಯಾದ್ದು, ನಿರ್ವಹಿಸುತ್ತಿದ್ದ ಕಂಪನಿಯ ನೆಲೆ ಸ್ವಿಟ್ಜರ್ಲೆಂಡ್, ಕಪ್ತಾನ ರಷ್ಯಾದವರು, ಸಿಬ್ಬಂದಿಯಲ್ಲಿ ಬಹುಪಾಲು ಫಿಲಿಪೀನ್ಸ್‌ನವರು. ಹೊಣೆ ಯಾರದೆಂದು ನ್ಯಾಯಾಲಯ ಬಿಡಿಸಿ ಹೇಳುವ ಹೊತ್ತಿಗೆ ವರ್ಷಗಳೇ ಉರುಳಬಹುದು. ಸರಕಿನ ಮಾಹಿತಿಗೆ ಅಷ್ಟು ಕಾಯಬೇಕಿಲ್ಲ. 1958ರ ಕಾಯ್ದೆಯ ಬದಲಿಗೆ ಕೇಂದ್ರ ಸರ್ಕಾರ 2025ರಲ್ಲಿ ಹೊಸ ವಾಣಿಜ್ಯ ನೌಕಾಯಾನ ಕಾಯ್ದೆ ತಂದಿದೆ. ಅದರಡಿಯ ನಿಯಮಗಳಲ್ಲಿ, ಭಾರತದ ಯಾವುದೇ ಬಂದರಿಗೆ ಬರುವ ಅಥವಾ ಅಲ್ಲಿಂದ ಹೊರಡುವ ಹಡಗು ಅವಘಡಕ್ಕೀಡಾದರೆ ಅದರ ಪೂರ್ಣ ಸರಕು ಪಟ್ಟಿ 24 ಗಂಟೆಯೊಳಗೆ ಸಂಬಂಧಿಸಿದ ಜಿಲ್ಲಾಡಳಿತ ಮತ್ತು ಮೀನುಗಾರಿಕೆ ಇಲಾಖೆಗೆ ತಲುಪಬೇಕು ಹಾಗೂ ಕನ್ನಡವೂ ಸೇರಿದಂತೆ ಆಯಾ ಕರಾವಳಿಯ ಭಾಷೆಯಲ್ಲಿ ಪ್ರಕಟವಾಗಬೇಕು ಎಂಬುದನ್ನು ಸ್ಪಷ್ಟವಾಗಿ ಸೇರಿಸಬೇಕು. ಪ್ಲಾಸ್ಟಿಕ್ ಹರಳುಗಳನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸುವಂತೆ ಭಾರತ ಅಂತರರಾಷ್ಟ್ರೀಯ ವೇದಿಕೆಯಲ್ಲಿ ಪಟ್ಟು ಹಿಡಿಯಬೇಕು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಸಂಸದರು ಪಕ್ಷಭೇದ ಮರೆತು ಈ ಎರಡು ಬೇಡಿಕೆಗಳನ್ನು ಸಂಸತ್ತಿನಲ್ಲಿ ಎತ್ತಲಿ, ಮುಂದಿನ ಮುಂಗಾರಿಗೆ ಮೊದಲೇ ಎತ್ತಲಿ.

ಇತಿ,
ಓರ್ವ ಓದುಗ, ಸುರತ್ಕಲ್