ದಾರ್ಚೆನ್‌ಗೆ ಹೋಗೋ ಮುಂಚೆ ಒಂದಿನ ಸುಮ್ನೆ ಕೂರಿ

ಸಂಪಾದಕರೇ ನಮಸ್ಕಾರ,

2020ರಿಂದ ನಿಂತೋಗಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಶುರುವಾದ್ಮೇಲೆ ನಮ್ಮ ಪರಿಚಯದವರಲ್ಲೇ ಎಷ್ಟೋ ಜನ ಹೊರಡೋ ತಯಾರಿಲಿ ಇದಾರೆ, ಪೇಪರಲ್ಲೂ ಲೇಖನ ಬರ್ತಾ ಇವೆ, ಖುಷಿ. ಆದ್ರೆ ನಾನು ಓದಿದ್ದರಲ್ಲೆಲ್ಲ ಪುಣ್ಯದ ಮಾತು, ಫೋಟೋ, ಪ್ಯಾಕೇಜ್ ರೇಟು ಇಷ್ಟೇ. ಎತ್ತರದ ವಿಷಯ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ.

ಕೈಲಾಸದ ಪರಿಕ್ರಮ ಹೊರಡೋ ಟಿಬೆಟಿನ ಊರು ದಾರ್ಚೆನ್ ಇರೋದು ಸುಮಾರು 4,600 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 2,000 ಮೀಟರೂ ಮುಟ್ಟಲ್ಲ ನೋಡಿ. ದಾರ್ಚೆನ್‌ನಲ್ಲಿ ಒಂದು ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರಮಟ್ಟದಲ್ಲಿ ಸಿಗೋದರ ಅರ್ಧಕ್ಕಿಂತ ಚೂರು ಜಾಸ್ತಿ ಅಷ್ಟೇ, ನೀರು 85 ಡಿಗ್ರಿ ಆಸುಪಾಸಲ್ಲೇ ಕುದ್ದುಬಿಡುತ್ತೆ, ಕುಕ್ಕರ್ ಇಲ್ದೆ ಅನ್ನ ನೆಟ್ಟಗೆ ಬೇಯಲ್ಲ. ನಾನು ಯಾತ್ರೆಗೆ ಹೋದಾಗ ಅಲ್ಲಿ ನಾವಿದ್ದ ಕಡೆ ಒಬ್ಬರು ಅಜ್ಜಿ ಇದ್ರು, ಕಬ್ಬಿಣದ ಒಲೆಗೆ ಒಣಗಿದ ಯಾಕ್ ಸಗಣಿ ಮುರಿದು ಹಾಕ್ತಾ, ಬಟ್ಟಲಲ್ಲಿ ಬೆಣ್ಣೆ ಹಾಕಿದ ಉಪ್ಪು ಚಹಾ ಬಿಟ್ಕೊಂಡು, ಅದಕ್ಕೆ ಸಂಪಾ ಅಂದ್ರೆ ಹುರಿದ ಬಾರ್ಲಿ ಹಿಟ್ಟು ಸುರಿದು ಬೆರಳಲ್ಲೇ ಬಟ್ಟಲು ತಿರುಗಿಸ್ತಾ ಉಂಡೆ ಕಟ್ಟೋರು, ನಮ್ಮ ಹುರಿಹಿಟ್ಟು ಕಲಸಿದ ಹಾಗೇ. ಅದನ್ನ ತಿಂದು ಜಪಮಣಿ ಹಿಡ್ಕೊಂಡು ದಿಣ್ಣೆ ಹತ್ತೋದು ನೋಡಿದ್ರೆ ನಮಗೆ ನಾಚಿಕೆ ಆಗ್ಬೇಕು.

ಎಡವಟ್ಟಾಗೋದೇ ಇಲ್ಲಿ. "ಅಜ್ಜಿನೇ ಹತ್ತುತ್ತೆ, ನಮಗೇನು ಧಾಡಿ" ಅಂತ ನಮ್ಮವರು ಹೊರಟುಬಿಡ್ತಾರೆ. ಟಿಬೆಟಿನವರ ದೇಹ ಸಾವಿರಾರು ವರ್ಷದಿಂದ ಆ ಗಾಳಿಗೆ ಒಗ್ಗಿದ್ದು, ಇಪಿಎಎಸ್1 ಅನ್ನೋ ಜೀನ್ ಅವರಲ್ಲಿ ಬೇರೆ ಥರ ಇದೆ ಅಂತ 2010ರಲ್ಲೇ ವಿಜ್ಞಾನಿಗಳು ತೋರಿಸಿದಾರೆ. 52 ಕಿಲೋಮೀಟರ್ ಪರಿಕ್ರಮ ಅವರಲ್ಲಿ ಎಷ್ಟೋ ಜನ ಒಂದೇ ದಿನದಲ್ಲಿ ಮುಗಿಸ್ತಾರೆ. ನಮಗೆ ಮೂರು ದಿನ, ಅದರಲ್ಲೂ 5,600 ಮೀಟರ್ ದಾಟಿರೋ ಡೋಲ್ಮಾ ಲಾ ಅನ್ನೋ ಘಟ್ಟ ಹತ್ತೋ ದಿನ ನಾಲ್ಕು ಹೆಜ್ಜೆಗೆ ಒಂದ್ಸಲ ನಿಲ್ಬೇಕು.

ನಮ್ಮ ಟ್ರಿಪ್ ಮಾಡಿಸಿದೋರು ಬಯಲಲ್ಲಿರೋ ನೇಪಾಲ್‌ಗಂಜ್‌ನಿಂದ ಸಿಮಿಕೋಟ್‌ಗೆ ವಿಮಾನ, ನೇಪಾಳದ ಗಡಿ ಊರು ಹಿಲ್ಸಾಗೆ ಹೆಲಿಕಾಪ್ಟರ್, ಆಮೇಲೆ ಗಾಡೀಲಿ ಟಿಬೆಟಿನ ತಕ್ಲಾಕೋಟ್, ಮಾರನೇ ದಿನವೇ ಸರೋವರ ಅಂತ ಓಡಿಸಿದ್ರು, ರೆಸ್ಟ್ ಕೇಳಿದ್ರೆ "ಸಿಲಿಂಡರ್ ಇದೆಯಲ್ಲ ಸಾರ್" ಅಂದ್ರು. ಗುಂಪಲ್ಲೊಬ್ಬರಿಗೆ ದಾರ್ಚೆನ್‌ನಲ್ಲಿ ಸುಮ್ನೆ ಕೂತಿದ್ರೂ ಏದುಸಿರು, ಬಿಡದ ಕೆಮ್ಮು. ಶೀತ ಅಂತ ಮಾತ್ರೆ ನುಂಗಿ ಮಲಗಿದ್ರು. ಶ್ವಾಸಕೋಶದಲ್ಲಿ ನೀರು ತುಂಬೋದು ಹೀಗೇ ಶುರುವಾಗುತ್ತೆ, ಸಿಲಿಂಡರ್ ಸ್ವಲ್ಪ ಹೊತ್ತು ಕಾಯುತ್ತೆ ಅಷ್ಟೇ, ಮದ್ದು ಅಂದ್ರೆ ಕೆಳಗಿಳಿಸೋದು. ಜೀಪಲ್ಲಿ ರಾತ್ರೋರಾತ್ರಿ ಇಳಿಸಿದ್ಮೇಲೆ ಚೇತರಿಸಿಕೊಂಡ್ರು, ಪುಣ್ಯ.

3,000 ಮೀಟರ್ ದಾಟಿದ್ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಅಲ್ಲೇ ನಿಲ್ಬೇಕು ಅಂತ ಡಾಕ್ಟರುಗಳು ಹೇಳ್ತಾರೆ. ಕೇಂದ್ರ ಸರ್ಕಾರ ಉತ್ತರಾಖಂಡದ ಲಿಪುಲೇಖ್ ಘಟ್ಟದ ಮೂಲಕ ಕಳಿಸೋ ಯಾತ್ರೇಲಿ ದೆಹಲೀಲಿ ಒಂದು, ದಾರೀಲಿ ಸಿಗೋ ಗುಂಜಿಯಲ್ಲಿ ಇನ್ನೊಂದು ಆರೋಗ್ಯ ತಪಾಸಣೆ ಇದೆ, ಫೇಲ್ ಆದ್ರೆ ವಾಪಸ್. ನಮ್ಮ ಟ್ರಿಪ್‌ನೋರು ನಮ್ಮ ಹತ್ರ ಬರೀ ಒಂದು ಫಾರ್ಮಿಗೆ ಸೈನ್ ಹಾಕಿಸಿಕೊಂಡ್ರು.

ನಮ್ಮ ಮುಜರಾಯಿ ಇಲಾಖೆ ಹೋಗಿಬಂದೋರಿಗೆ ಸಹಾಯಧನ ಕೊಡುತ್ತೆ, ಅದರ ಜೊತೆಗೆ ಹೊರಡೋ ಮುಂಚೆನೇ ಒಂದು ಡಾಕ್ಟರ್ ಸಲಹೆನೂ ಕಡ್ಡಾಯ ಮಾಡ್ಲಿ. ಯಾತ್ರಿಕರೂ ದುಡ್ಡು ಕಟ್ಟೋಕೆ ಮುಂಚೆ ತಕ್ಲಾಕೋಟ್‌ನಲ್ಲಿ ಎಷ್ಟು ರಾತ್ರಿ ನಿಲ್ಲಿಸ್ತೀರಿ ಅಂತ ಕೇಳಿ, ಒಂದೇ ಅಂದ್ರೆ ಬೇರೆಯವರನ್ನ ನೋಡಿ. ತಾವೂ ಯಾತ್ರೆ ಲೇಖನದ ಪಕ್ಕ ಈ ಎತ್ತರದ ವಿಷಯ ಒಂದು ಬಾಕ್ಸಲ್ಲಿ ಹಾಕಿ ಸಾರ್, ಮುಂದಿನ ಸೀಸನ್ ಬುಕಿಂಗ್ ಶುರುವಾಗೋದ್ರೊಳಗೆ ಬಂದ್ರೆ ಉಪಯೋಗ.

– ಓದುಗ, ಮೈಸೂರು